ಸದ್ದಿದೆ, ಚಿತ್ರವಿಲ್ಲ

ನಮ್ಮ ಮನೆಯ 32 ಇಂಚಿನ ಎಲ್‌ಇಡಿ ಟಿವಿ ಹಳೆಯದು. ಒಂದು ಸಂಜೆ ಅಮ್ಮ ಧಾರಾವಾಹಿ ನೋಡುತ್ತಿದ್ದಾಗ ಪರದೆ ಕಪ್ಪಾಯಿತು. ಮಾತು ಮಾತ್ರ ಕೇಳುತ್ತಲೇ ಇತ್ತು. ನೋಡಲು ಬಂದ ಮೆಕ್ಯಾನಿಕ್ ರಿಮೋಟ್ ಒತ್ತಿ, "ಪ್ಯಾನೆಲ್ ಹೋಗಿದೆ ಸಾರ್. ಅದನ್ನ ಹಾಕ್ಸೋ ದುಡ್ಡಿಗೆ ಹೊಸದೇ ಬರುತ್ತೆ" ಎಂದರು. ಹಿಂದಿನ ಕವರ್ ಬಿಚ್ಚಲೇ ಇಲ್ಲ. ನನಗೆ ಸಿಟ್ಟು ಬಂದದ್ದು ಅದಕ್ಕೇ. ಬಿಚ್ಚದೆ ಹೇಗೆ ಗೊತ್ತಾಗುತ್ತೆ?

ಅವರು ಹೋದ ಮೇಲೆ ಕೋಣೆಯ ಲೈಟ್ ಆರಿಸಿ, ಮೊಬೈಲ್ ಟಾರ್ಚನ್ನು ಪರದೆಗೆ ತೀರಾ ಹತ್ತಿರ ಓರೆಯಾಗಿ ಹಿಡಿದೆ. ಮಂಕಾಗಿ ಮುಖಗಳು ಕಂಡವು. ಅಂದರೆ ಪ್ಯಾನೆಲ್ ಚಿತ್ರ ಮೂಡಿಸುತ್ತಿದೆ, ಹಿಂದೆ ಬೆಳಕಿಲ್ಲ ಅಷ್ಟೇ. ಹೆಸರಿಗೆ ಎಲ್‌ಇಡಿ ಟಿವಿ ಆದರೂ ಚಿತ್ರ ಮೂಡಿಸುವುದು ಎಲ್‌ಸಿಡಿ ಪ್ಯಾನೆಲ್, ಅದಕ್ಕೆ ಸ್ವಂತ ಬೆಳಕಿಲ್ಲ ಅಲ್ವಾ? ಹಿಂದೆ ಪಟ್ಟಿಗಳ ಮೇಲೆ ಕೂರಿಸಿದ ಸಣ್ಣ ಎಲ್‌ಇಡಿಗಳೇ ಬೆಳಕು ಕೊಡಬೇಕು. ನಮ್ಮಂಥ ಟಿವಿಯಲ್ಲಿ ಅವೆಲ್ಲ ಸೀರೀಸ್‌ನಲ್ಲಿ ಇರುತ್ತವೆ. ಗಣೇಶನ ಹಬ್ಬದ ಸೀರಿಯಲ್ ಸೆಟ್ ಥರ, ಒಂದು ಸುಟ್ಟರೆ ಸಾಲೆಲ್ಲ ಕತ್ತಲು.

ಭಾನುವಾರ ಭಾವನನ್ನು ಕರೆಸಿಕೊಂಡೆ. ಈ ಕೆಲಸಕ್ಕೆ ಇಬ್ಬರು ಬೇಕೇ ಬೇಕು. ಮೊದಲು ಎಲ್‌ಇಡಿಗೆ ಹೋಗುವ ಕನೆಕ್ಟರ್‌ನಲ್ಲಿ ಮೀಟರ್ ಇಟ್ಟು ಟಿವಿ ಆನ್ ಮಾಡಿದೆವು. ವೋಲ್ಟೇಜ್ ಏರಿತು, ಕ್ಷಣದಲ್ಲೇ ಬಿತ್ತು. ಬೋರ್ಡ್ ಕರೆಂಟ್ ಕೊಡಲು ನೋಡುತ್ತಿದೆ, ಸಾಲು ಎಲ್ಲೋ ಕಡಿದಿದೆ ಎಂದು ಲೆಕ್ಕ ಹಾಕಿದೆವು.

ಆಮೇಲೆ ಪ್ಲಗ್ ಕಿತ್ತು ಸುಮ್ನೆ ಕೂತೆವು. ಪವರ್ ಬೋರ್ಡಿನ ದೊಡ್ಡ ಕೆಪಾಸಿಟರ್‌ನಲ್ಲಿ 300 ವೋಲ್ಟಿಗೂ ಜಾಸ್ತಿ ಉಳಿದಿರುತ್ತದೆ. ಮೀಟರ್ ಸೊನ್ನೆಗೆ ಹತ್ತಿರ ತೋರಿಸುವವರೆಗೆ ಅಲ್ಲಿ ಕೈ ಹಾಕಬಾರದು. ಯಾರಿಗೆ ಹೇಳಿದರೂ ಇದನ್ನೇ ಮೊದಲು ಹೇಳುತ್ತೇನೆ.

ಪ್ಯಾನೆಲ್ ಎತ್ತುವಾಗ ಉಸಿರು ಬಿಗಿಹಿಡಿದಿದ್ದೆವು. ಗಾಜು ತೀರಾ ತೆಳು. ಒಂದು ಮೂಲೆ ಬಾಗಿದರೂ ಬಿರುಕು ಬಿಡುತ್ತದೆ. ಅದರ ಅಂಚಿಗೆ ಅಂಟಿದ ತೆಳು ರಿಬ್ಬನ್ ಹರಿದರೆ ಮನೆಯಲ್ಲಿ ಸರಿಮಾಡಲು ಆಗುವುದೇ ಇಲ್ಲ. ಕೆಳಗಿನ ಬಿಳಿ ಹಾಳೆಗಳನ್ನು ಅದೇ ಕ್ರಮದಲ್ಲಿ ಜೋಡಿಸಿಟ್ಟೆವು. ಧೂಳು ಕೂತರೆ ಪರದೆಯಲ್ಲಿ ಕಲೆಯಾಗಿ ಕಾಣುತ್ತದೆ, ಅದಕ್ಕೇ ಫ್ಯಾನ್ ಕೂಡ ಆರಿಸಿದ್ದೆವು.

ಕೊನೆಗೆ ಪಟ್ಟಿಗಳು ಕಂಡವು. ಒಂದೊಂದೇ ಎಲ್‌ಇಡಿಯನ್ನು, ಅದನ್ನು ಹೊತ್ತಿಸಿ ನೋಡುವ ಎಲ್‌ಇಡಿ ಟೆಸ್ಟರ್‌ನಿಂದ ಮುಟ್ಟುತ್ತಾ ಹೋದೆ. ಎಲ್ಲವೂ ಹೊತ್ತಿಕೊಂಡವು, ಒಂದು ಬಿಟ್ಟು. ಅದರ ನಡುವೆ ಕರಿ ಚುಕ್ಕೆ. ಇಡೀ ಟಿವಿಯನ್ನು ಗುಜರಿಗೆ ಕಳಿಸಬೇಕಾಗಿದ್ದು ಇದೊಂದಕ್ಕೆ!

ಒಂದನ್ನೇ ಬದಲಿಸಬಹುದಿತ್ತು. ಆದರೆ ಉಳಿದವೂ ಅಷ್ಟೇ ವರ್ಷ ಉರಿದಿವೆ, ಪೂರ್ತಿ ಸೆಟ್ ಹಾಕುವುದೇ ಸರಿ ಅನ್ನಿಸಿತು. ಹಳೇ ಪಟ್ಟಿ ಹಿಡಿದು ಬೆಂಗಳೂರಿನ ಎಸ್.ಪಿ. ರೋಡಿಗೆ ಹೋದೆ. ಅಂಗಡಿಯವರು ಪಟ್ಟಿಯ ಮೇಲಿನ ನಂಬರ್ ನೋಡಿ, ಉದ್ದ ಅಳೆದು, ಎಲ್‌ಇಡಿ ಎಣಿಸಿ, "ಇದು 3 ವೋಲ್ಟಿಂದು ಸಾರ್, 6ರದ್ದು ಹಾಕ್ಬಿಟ್ಟೀರಾ" ಎಂದು ಎಚ್ಚರಿಸಿದರು. ಸೆಟ್ಟಿಗೆ ಐನೂರು ರೂಪಾಯಿಯೂ ಆಗಲಿಲ್ಲ. ಇಂಥ ತಿಳಿದವರು ಕೂತಿರುವ ಬೀದಿ ನಮ್ಮ ರಾಜ್ಯದಲ್ಲಿದೆ ಅನ್ನೋದೇ ನನಗೆ ಹೆಮ್ಮೆ.

ಎಲ್ಲವನ್ನೂ ರಿಪೇರಿ ಮಾಡಿ ಎಂದು ನಾನು ಹೇಳುವುದಿಲ್ಲ. ಪ್ಯಾನೆಲ್ಲೇ ಒಡೆದಿದ್ದರೆ ಮೆಕ್ಯಾನಿಕ್ ಹೇಳಿದ್ದೇ ನಿಜ, ಹೊಸದು ತರುವುದೇ ಲೇಸು. 2022ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ರೈಟ್ ಟು ರಿಪೇರ್ ಪೋರ್ಟಲ್ ಶುರು ಮಾಡಿತು. ಕಂಪನಿಗಳ ರಿಪೇರಿ ಮಾಹಿತಿ ಒಂದೇ ಕಡೆ ಸಿಗಲಿ ಅನ್ನೋದು ಅದರ ಉದ್ದೇಶ. ಬಹಳ ಒಳ್ಳೆಯ ಕೆಲಸ. ಅದರ ಜೊತೆಗೆ, ಕವರ್ ಬಿಚ್ಚಿ ನೋಡಿ ಮಾತಾಡುವ ಮೆಕ್ಯಾನಿಕ್‌ಗಳೂ ನಮಗೆ ಬೇಕು.

ಟಿವಿ ಜೋಡಿಸಿದ ಮೇಲೆ ಇನ್ನೊಂದು ಕೆಲಸ ಮಾಡಿದೆ. ಸೆಟ್ಟಿಂಗ್ಸ್‌ನಲ್ಲಿ ಬ್ಯಾಕ್‌ಲೈಟ್ 100ರಲ್ಲಿತ್ತು. ಎಲ್‌ಇಡಿ ಸುಡಲು ಬಿಸಿಯೇ ದೊಡ್ಡ ಕಾರಣ. 60ಕ್ಕೆ ಇಳಿಸಿದೆ. ಅಮ್ಮನಿಗೆ ವ್ಯತ್ಯಾಸವೇ ಗೊತ್ತಾಗಿಲ್ಲ.