ಕೆಂಪು ಗೆರೆ ಬೀಳದ ಹಾಳೆ

ಮೊನ್ನೆಯ ಮತದಾನದಲ್ಲಿ ನನ್ನ ಪಾಲಿಗೆ ಬಂದದ್ದು ಮೊದಲನೇ ಮತಗಟ್ಟೆ ಅಧಿಕಾರಿಯ ಕುರ್ಚಿ. ಬಂದವರ ಗುರುತಿನ ಚೀಟಿ ನೋಡಿ, ಕ್ರಮಸಂಖ್ಯೆಯನ್ನೂ ಹೆಸರನ್ನೂ ಗಟ್ಟಿಯಾಗಿ ಓದಿ, ಮತದಾರರ ಪಟ್ಟಿಯಲ್ಲಿ ಆ ಹೆಸರಿನ ಕೆಳಗೆ ಕೆಂಪು ಶಾಯಿಯ ಗೆರೆ ಎಳೆಯಬೇಕು; ಮಹಿಳೆಯಾದರೆ ಕ್ರಮಸಂಖ್ಯೆಯ ಪಕ್ಕದಲ್ಲಿ ಸರಿ ಗುರುತನ್ನೂ ಹಾಕಬೇಕು. ಬೆಳಿಗ್ಗೆಯಿಂದ ಇದನ್ನೇ ಮಾಡುತ್ತಾ ಕುಳಿತವನಿಗೆ ಮಧ್ಯಾಹ್ನ ಮೂರರ ಹೊತ್ತಿಗೆ ಸ್ವಲ್ಪ ಬಿಡುವು ಸಿಕ್ಕಿತು. ಪಟ್ಟಿಯನ್ನು ಸುಮ್ಮನೆ ತಿರುವಿದಾಗ, ಮೂವತ್ತು ಹೆಸರುಗಳಿದ್ದ ಒಂದು ಹಾಳೆಯಲ್ಲಿ ನಾಲ್ಕೇ ನಾಲ್ಕು ಗೆರೆಗಳಿದ್ದವು. ಅದರ ಹಿಂದಿನ ಹಾಳೆಯಾದರೋ ಕೆಂಪಾಗಿ ಹೋಗಿತ್ತು.

ಬಹುಶಃ ಒಂದೆರಡು ಹಾಳೆ ಒಟ್ಟಿಗೆ ಮಗುಚಿ, ಗೆರೆಗಳನ್ನು ಬೇರೆಲ್ಲೋ ಎಳೆದುಬಿಟ್ಟೆನೇ ಎಂದು ನಾನು ಗಾಬರಿಯಾದದ್ದನ್ನು ಎದುರಿಗೆ ಕುಳಿತಿದ್ದ ಏಜೆಂಟರೊಬ್ಬರು ಗಮನಿಸಿದರು. "ಆ ಹಾಳೆ ತಿರುಗಿಸಿಬಿಡಿ ಸರ್, ಅವರು ಬರೋರಲ್ಲ" ಎಂದರು. ಪಕ್ಕದಲ್ಲಿದ್ದ ಎದುರು ಪಕ್ಷದ ಏಜೆಂಟರು, "ಹೌದು ಸರ್, ಆ ಬೀದಿಗೆ ನಾವು ಚೀಟಿ ಕೊಡೋಕೂ ಹೋಗಲ್ಲ" ಎಂದು ದನಿಗೂಡಿಸಿದರು. ಬೆಳಿಗ್ಗೆಯಿಂದ ಪ್ರತಿಯೊಂದಕ್ಕೂ ತಕರಾರು ತೆಗೆಯುತ್ತಿದ್ದ ಈ ಇಬ್ಬರೂ ಇಡೀ ದಿನದಲ್ಲಿ ಒಮ್ಮತಕ್ಕೆ ಬಂದದ್ದು ಇದೊಂದೇ ವಿಷಯದಲ್ಲಿ. ಇಬ್ಬರೂ ಕೆಟ್ಟವರಲ್ಲ, ಊಟದ ಹೊತ್ತಿಗೆ ಒಬ್ಬರ ಡಬ್ಬಿಯಿಂದ ಇನ್ನೊಬ್ಬರು ತಿಂದವರು. ಅವರ ಮಾತಿನಲ್ಲಿ ಕೋಪವಾಗಲಿ ವ್ಯಂಗ್ಯವಾಗಲಿ ಇರಲಿಲ್ಲ. ವ್ಯಾಪಾರಿಯೊಬ್ಬ ವಸೂಲಾಗದ ಬಾಕಿಯ ಬಗ್ಗೆ ಹೇಳುವಷ್ಟು ಸಹಜವಾಗಿ ಹೇಳಿದ್ದರು. ನನ್ನನ್ನು ಈ ವಾರವಿಡೀ ಕಾಡಿದ್ದು ಆ ಸಹಜತೆಯೇ.

ಚುನಾವಣಾ ತರಬೇತಿಗಳಲ್ಲಿ 2004ರ ಸಂತೇಮರಹಳ್ಳಿ ವಿಧಾನಸಭಾ ಕ್ಷೇತ್ರದ ಉದಾಹರಣೆ ತಪ್ಪದೆ ಬರುತ್ತದೆ. ಅಲ್ಲಿ ಆರ್. ಧ್ರುವನಾರಾಯಣ 40,752 ಮತ ಪಡೆದರೆ ಎ.ಆರ್. ಕೃಷ್ಣಮೂರ್ತಿ 40,751 ಪಡೆದು ಒಂದೇ ಮತದಿಂದ ಸೋತರು. ಕಥೆ ನಿಜವಾದರೂ ಅದು ಮತ ಹಾಕಲು ತಕ್ಕ ಕಾರಣವೆಂದು ನನಗೆ ಎಂದೂ ಅನ್ನಿಸಿಲ್ಲ. ಅಂತಹ ಫಲಿತಾಂಶ ಎಷ್ಟು ವರ್ಷಕ್ಕೊಮ್ಮೆ ಬಂದೀತು? ಹತ್ತಾರು ಸಾವಿರದ ಅಂತರದಲ್ಲಿ ಗೆಲುವು ತೀರ್ಮಾನವಾಗುವ ಕಡೆಯವರು ಹಾಗಾದರೆ ಮನೆಯಲ್ಲಿ ಮಲಗಬಹುದೇ? ಆ ಹಾಳೆಯನ್ನು ನೋಡಿದ ಮೇಲೆ ನನಗೆ ಹೊಳೆದದ್ದು ಬೇರೆ. ಯಾರಿಗೆ ಮತ ಹಾಕಿದಿರಿ ಎಂಬುದು ಗುಟ್ಟು, ಆದರೆ ಹಾಕಿದಿರೋ ಇಲ್ಲವೋ ಎಂಬುದು ಗುಟ್ಟಲ್ಲ. ಹೆಸರು ಓದಿದಾಗಲೆಲ್ಲ ಏಜೆಂಟರು ತಮ್ಮ ಪ್ರತಿಯಲ್ಲೂ ಗುರುತು ಹಾಕಿಕೊಳ್ಳುತ್ತಾರೆ, ಸಂಜೆ ಆ ಪ್ರತಿ ಪಕ್ಷದವರ ಕೈ ಸೇರುತ್ತದೆ. ಗೆದ್ದವರಿಗೆ ಮುಂದಿನ ಐದು ವರ್ಷ ಯಾವ ಬೀದಿಯ ಮಾತಿಗೆ ಎಷ್ಟು ಕಿವಿಗೊಡಬೇಕೆಂದು ತಿಳಿಯಲು ಅಷ್ಟು ಸಾಕು.

ಬಾರದೆ ಇದ್ದವರಿಗೆ ಕಾರಣಗಳಿದ್ದಿರಬಹುದು. ಊರು ಬಿಟ್ಟವರಿರಬಹುದು, ಯಾವ ಅಭ್ಯರ್ಥಿಯೂ ಯೋಗ್ಯನಲ್ಲ ಎಂದು ಬೇಸತ್ತವರಿರಬಹುದು. ಆದರೆ ಪಟ್ಟಿಗೆ ಕಾರಣ ಗೊತ್ತಾಗುವುದಿಲ್ಲ. ತೀರಿಹೋಗಿಯೂ ಹೆಸರು ಉಳಿದಿರುವವರು, ನಿದ್ದೆ ಮಾಡಿದವರು, ಸಿಟ್ಟಿನಿಂದ ಬಹಿಷ್ಕರಿಸಿದವರು, ಎಲ್ಲರೂ ಅಲ್ಲಿ ಗೆರೆಯಿಲ್ಲದ ಹೆಸರುಗಳೇ. ಬೇಸತ್ತವರಿಗೆಂದು 2013ರಿಂದ ಯಂತ್ರದಲ್ಲಿಯೇ 'ನೋಟಾ' ಗುಂಡಿಯಿದೆ. ಅದರಿಂದ ಗೆಲುವು ಸೋಲು ಬದಲಾಗದು, ನಿಜ. ಆದರೂ ಬಂದು ತಿರಸ್ಕರಿಸಿದವರ ಸಂಖ್ಯೆ ಫಲಿತಾಂಶದಲ್ಲಿ ಅಚ್ಚಾಗುತ್ತದೆ. ಆಡಳಿತದ ಬಗ್ಗೆ ಅತ್ಯಂತ ಖಾರವಾಗಿ ಮಾತನಾಡುವ ನನ್ನ ಪರಿಚಿತರಲ್ಲಿ ಹಲವರು ಅಷ್ಟನ್ನೂ ಮಾಡುವವರಲ್ಲ ಎಂಬುದನ್ನು ಹೇಳದೆ ಇರಲಾರೆ.

ಈ ಪಟ್ಟಿಯಲ್ಲಿ ಹೆಸರು ಬರುವುದೇ ಒಂದು ಕಾಲಕ್ಕೆ ಸುಲಭವಿರಲಿಲ್ಲ. 1951-52ರ ಮೊದಲ ಮಹಾಚುನಾವಣೆಯ ಹೊತ್ತಿಗೆ, ಇಂಥವರ ಹೆಂಡತಿ, ಇಂಥವರ ಮಗಳು ಎಂದಷ್ಟೇ ಬರೆಸಿ ಸ್ವಂತ ಹೆಸರು ಹೇಳದ ಸುಮಾರು 28 ಲಕ್ಷ ಮಹಿಳೆಯರು ಪಟ್ಟಿಯಿಂದ ಹೊರಗುಳಿಯಬೇಕಾಯಿತು. ಮೊನ್ನೆ, ನಡುಗುವ ಕೈಯಲ್ಲಿ ಚೀಟಿ ಹಿಡಿದು ಬಂದ ಒಬ್ಬ ಅಜ್ಜಿ, ನಾನು ಅವರ ಹೆಸರನ್ನು ತಪ್ಪಾಗಿ ಓದಿದಾಗ ನಿಂತು ತಿದ್ದಿ, ನಾನು ಮತ್ತೊಮ್ಮೆ ಸರಿಯಾಗಿ ಓದುವವರೆಗೂ ಮುಂದಿನ ಮೇಜಿಗೆ ಹೋಗಲಿಲ್ಲ.

ಸಂಜೆ ಆರಕ್ಕೆ ಸಾಲಿನ ಕೊನೆಯವರಿಂದ ಮೊದಲುಗೊಂಡು ಚೀಟಿ ಹಂಚಿ, ಅವರೆಲ್ಲರ ಮತದಾನ ಮುಗಿಸಿದೆವು. ಪಟ್ಟಿಯನ್ನು ಲಕೋಟೆಗೆ ಸೇರಿಸುವ ಮುನ್ನ ಆ ಹಾಳೆಯನ್ನು ಮತ್ತೆ ನೋಡಿದೆ. ನಾಲ್ಕಿದ್ದ ಗೆರೆಗಳು ಆರಾಗಿದ್ದವು.

ಮನೆಗೆ ಬಂದು ಚೀಲ ಖಾಲಿ ಮಾಡುವಾಗ ತರಬೇತಿ ಪುಸ್ತಕದ ನಡುವಿನಿಂದ ಮಡಚಿದ ಕಾಗದವೊಂದು ಜಾರಿ ಬಿತ್ತು. ಕರ್ತವ್ಯದ ಮೇಲಿರುವ ಸಿಬ್ಬಂದಿ ಅಂಚೆ ಮತಪತ್ರ ಕೋರಿ ಸಲ್ಲಿಸಬೇಕಾದ ನಮೂನೆ 12. ನಾಳೆ ತುಂಬಿದರಾಯಿತೆಂದು ಇಟ್ಟುಕೊಂಡವನು ಮರೆತೇಬಿಟ್ಟಿದ್ದೆ. ನಾನು ಮತದಾರನಾಗಿರುವ ಮತಗಟ್ಟೆಯಲ್ಲಿ ಆ ದಿನ ನನ್ನಂತೆಯೇ ಕೆಂಪು ಲೇಖನಿ ಹಿಡಿದು ಕುಳಿತಿದ್ದವರ ಎದುರಿಗೆ ನನ್ನ ಹೆಸರಿದ್ದ ಹಾಳೆಯೂ ಬಂದಿರಬೇಕು. ಅವರ ಮುಂದಿದ್ದ ಏಜೆಂಟರು ಏನೆಂದರೋ.