ಮೊದಲ ಬೊಗಸೆ ಬಸವಣ್ಣನಿಗೆ

ಬೆಂಗಳೂರಿನ ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಹೋಗಿ ಬಂದವರನ್ನು "ಬಸವಣ್ಣನ ದರ್ಶನ ಆಯ್ತಾ?" ಎಂದು ಕೇಳಿ ನೋಡಿ. "ಅಯ್ಯೋ, ಆ ರಶ್ಶಲ್ಲಿ ಎಲ್ಲಿ ದರ್ಶನ!" ಎನ್ನುವವರೇ ಹೆಚ್ಚು. ಬುಲ್ ಟೆಂಪಲ್ ರಸ್ತೆಯ ಈ ತುದಿಯಿಂದ ಆ ತುದಿಗೆ ನಡೆದಿರುತ್ತಾರೆ, ಎರಡು ಮೂರು ಸೇರು ಕಾಯಿ ಕೊಂಡಿರುತ್ತಾರೆ, ಅದರಲ್ಲಿ ಅರ್ಧ ದಾರಿಯಲ್ಲೇ ಖರ್ಚಾಗಿರುತ್ತದೆ. ಗುಡಿಯ ಮೆಟ್ಟಿಲು ಮಾತ್ರ ಹತ್ತಿರುವುದಿಲ್ಲ. ಪರಿಷೆ ಜಾತ್ರೆಯೇ, ಇಲ್ಲವೆನ್ನುವುದಿಲ್ಲ. ಆದರೆ ಈ ಜಾತ್ರೆ ಹುಟ್ಟಿದ್ದು ಒಂದು ಹರಕೆಯಿಂದ. ಹರಕೆ ಬಿಟ್ಟು ಜಾತ್ರೆಯನ್ನಷ್ಟೇ ಮಾಡಿ ಬರುವುದು, ಸಾಲ ಕೊಟ್ಟವನ ಮನೆಗೆ ಹೋಗಿ ಹೊಟ್ಟೆ ತುಂಬ ಉಂಡು, ಸಾಲದ ಮಾತೇ ಎತ್ತದೆ ಎದ್ದು ಬಂದ ಹಾಗೆ.

ಕಥೆ ಗೊತ್ತಿಲ್ಲದವರು ಯಾರು? ಸುಂಕೇನಹಳ್ಳಿ, ಗುಟ್ಟಹಳ್ಳಿ, ಮಾವಳ್ಳಿ, ದಾಸರಹಳ್ಳಿಯ ರೈತರ ಹೊಲಕ್ಕೆ ರಾತ್ರೋರಾತ್ರಿ ಗೂಳಿಯೊಂದು ನುಗ್ಗಿ ಕಡಲೆಕಾಯಿ ಬೆಳೆ ಮೇಯುತ್ತಿತ್ತು. ಅಟ್ಟಿಸಿಕೊಂಡು ಹೋದವರಿಗೆ ಗುಡ್ಡದ ಮೇಲೆ ಸಿಕ್ಕಿದ್ದು ಕಲ್ಲಿನ ಬಸವ. ಕಲ್ಲು ದಿನದಿನಕ್ಕೆ ಬೆಳೆಯಿತು, ನೆತ್ತಿಗೆ ತ್ರಿಶೂಲ ನೆಟ್ಟ ಮೇಲೆ ನಿಂತಿತು. "ವರ್ಷದ ಮೊದಲ ಫಸಲು ನಿನಗೇ, ಬೆಳೆ ಬಿಡಪ್ಪಾ" ಎಂದು ರೈತರು ಮಾತು ಕೊಟ್ಟರು. ಗುಡಿ ಕೆಂಪೇಗೌಡರ ಕಾಲದ್ದೆನ್ನುತ್ತಾರೆ. ಕಡಲೆಕಾಯಿಯೋ ದಕ್ಷಿಣ ಅಮೆರಿಕದಿಂದ ಹಡಗಿನಲ್ಲಿ ಬಂದ ಬೆಳೆ. ಹಾಗಾದರೆ ಕಥೆ ಯಾವ ಕಾಲದ್ದು ಎಂದು ಪಟ್ಟು ಹಿಡಿಯುವವರೂ ಇದ್ದಾರೆ. ಹಿಡಿಯಲಿ. ಕೊಟ್ಟ ಮಾತು ಇವತ್ತಿಗೂ ನಡೆದುಕೊಂಡು ಬಂದಿದೆಯಲ್ಲ, ಭಕ್ತರಿಗೆ ಬೇಕಾದ್ದು ಅದು. ಆ ಹೊಲಗಳಿದ್ದ ಜಾಗದಲ್ಲಿ 1898ರಲ್ಲಿ, ಪ್ಲೇಗಿನ ಕಾಲಕ್ಕೆ, ಬಸವನಗುಡಿ ಬಡಾವಣೆ ಎದ್ದಿತು. ಈಗ ಅಲ್ಲಿ ಕಡಲೆಕಾಯಿ ಹೊಲವೇ ಇಲ್ಲ. ಹರಕೆಯ ಫಸಲು ಕೋಲಾರ, ಚಿಂತಾಮಣಿ, ಶ್ರೀನಿವಾಸಪುರ, ಮಾಗಡಿ ಕಡೆಯಿಂದ, ತಮಿಳುನಾಡು ಆಂಧ್ರದ ಗಡಿ ಊರುಗಳಿಂದ ಲಾರಿ ಟೆಂಪೋ ಹತ್ತಿ ಬರುತ್ತದೆ. ಮಾತು ಕೊಟ್ಟವರ ಹೊಲ ಹೋಯಿತು, ಮಾತು ಉಳಿಯಿತು.

ದಿನದ ವಿಚಾರದಲ್ಲೇ ಹಲವರು ಎಡವುತ್ತಾರೆ. ಪರಿಷೆ ಕಾರ್ತಿಕ ಮಾಸದ ಕಡೆಯ ಸೋಮವಾರ. ನಮ್ಮ ಕಡೆ ತಿಂಗಳು ಮುಗಿಯುವುದು ಅಮಾವಾಸ್ಯೆಗೆ: ಬಲಿಪಾಡ್ಯಮಿಗೆ ಶುರುವಾದ ಕಾರ್ತಿಕ ಮುಂದಿನ ಅಮಾವಾಸ್ಯೆವರೆಗೆ. ಉತ್ತರದವರ ಲೆಕ್ಕದಲ್ಲಿ ಹುಣ್ಣಿಮೆಗೇ ಮುಗಿಯುತ್ತದೆ. ಮೊಬೈಲಿನ ಕ್ಯಾಲೆಂಡರ್ ಆ ಲೆಕ್ಕ ಹಿಡಿದಿದ್ದರೆ ಎರಡು ವಾರ ಮೊದಲೇ ಕಡೆಯ ಸೋಮವಾರ ಬಂದುಬಿಡುತ್ತದೆ. 2025ರಲ್ಲಿ ಹುಣ್ಣಿಮೆ ನವೆಂಬರ್ 5ಕ್ಕೆ ಬಿತ್ತು, ಪರಿಷೆಯ ಸೋಮವಾರ ನವೆಂಬರ್ 17ಕ್ಕೆ. 2024ರಲ್ಲಿ ನವೆಂಬರ್ 25. ಗೋಡೆಗೆ ತೂಗುಹಾಕುವ ಕನ್ನಡ ಪಂಚಾಂಗದ ಕ್ಯಾಲೆಂಡರ್ ನೋಡಿದರೆ ಈ ಗೊಂದಲವೇ ಇಲ್ಲ. ಅಂಗಡಿಗಳು ಶನಿವಾರ ಭಾನುವಾರಕ್ಕೇ ಕೂತಿರುತ್ತವೆ. ವಾರದ ನಡುವಿನವರೆಗೂ ಇರುತ್ತವೆ. ತಿನ್ನಲು, ಕೊಳ್ಳಲು ಯಾವ ದಿನವಾದರೂ ಸರಿ. ಅರ್ಪಿಸಲು ಸೋಮವಾರ ಬೆಳಿಗ್ಗೆ ಒಳ್ಳೆಯದು. ಏಳರಿಂದ ಒಂಬತ್ತರೊಳಗೆ ಹೋದರೆ ಸಮಾಧಾನವಾಗಿ ನಿಂತು ನೋಡಬಹುದು. ಸಂಜೆ ಆರರ ಮೇಲೆ ನಾವು ನಡೆಯಬೇಕಿಲ್ಲ, ಜನವೇ ನಮ್ಮನ್ನು ತಳ್ಳಿಕೊಂಡು ಹೋಗುತ್ತದೆ. ಮಕ್ಕಳು, ವಯಸ್ಸಾದವರು ಇದ್ದರೆ ಆ ಹೊತ್ತು ಬೇಡ.

ಗಾಡಿ ತರಬೇಡಿ. ಆ ದಿನಗಳಲ್ಲಿ ಬುಲ್ ಟೆಂಪಲ್ ರಸ್ತೆಗೆ ವಾಹನ ಬಿಡುವುದಿಲ್ಲ, ಒಳರಸ್ತೆಗಳಲ್ಲಿ ಜಾಗ ಹುಡುಕುತ್ತ ಹೊತ್ತು ಕಳೆದು ಬೈದುಕೊಂಡೇ ದರ್ಶನಕ್ಕೆ ಬರಬೇಕಾಗುತ್ತದೆ. ಹಸಿರು ಮಾರ್ಗದ ಮೆಟ್ರೊದಲ್ಲಿ ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಇಳಿದು ಗಾಂಧಿ ಬಜಾರಿನ ಮೇಲೆ ನಡೆದರೆ ಇಪ್ಪತ್ತು ನಿಮಿಷ. ಬಿಲ್ವಪತ್ರೆ, ಹೂವು ಅಲ್ಲೇ ಕೊಂಡುಬಿಡಬಹುದು. ಬಟ್ಟೆಯ ಚೀಲ ಎರಡು ಇರಲಿ: ಒಂದು ಬಸವಣ್ಣನ ಪಾಲಿಗೆ, ಇನ್ನೊಂದು ಮನೆಯ ಪಾಲಿಗೆ. ಎರಡನ್ನೂ ಒಂದೇ ಚೀಲಕ್ಕೆ ಸುರಿದರೆ ಏನಾಗುತ್ತದೆಂದು ಎಲ್ಲರಿಗೂ ಗೊತ್ತು. ಕೈ ತಾನಾಗಿ ಚೀಲದೊಳಗೆ ಹೋಗುತ್ತದೆ, ಎರಡು ಕಾಯಿ ಬಾಯಿಗೆ ಬೀಳುತ್ತವೆ. ಎಂಜಲಾದ ಮೇಲೆ ಅದು ಮೀಸಲು ಹೇಗಾದೀತು?

ಮೀಸಲಿಗೆ ಹಸಿ ಕಾಯಿ. ಉಪ್ಪು ಹಾಕಿ ಬೇಯಿಸಿದ್ದು, ಮರಳಲ್ಲಿ ಹುರಿದದ್ದು ನಮ್ಮ ರುಚಿಗೆ. ಹೊಲದಿಂದ ಬಂದದ್ದು ಬಂದ ಹಾಗೆ ಬಸವಣ್ಣನಿಗೆ. ಒಂದು ಪಾವು ಸಾಕು, ಐದು ಸೇರು ಸುರಿಯಬೇಕೆಂದೇನಿಲ್ಲ. ರುಚಿ ನೋಡದೆ ಕಾಯಿ ಆರಿಸುವುದು ಹೇಗೆ ಎಂದರೆ ಕಣ್ಣು, ಕೈ, ಕಿವಿ ಇವೆ. ಎಳೆ ಕಾಯಿಯ ಸಿಪ್ಪೆ ಬೆಳ್ಳಗೆ ನುಣ್ಣಗಿರುತ್ತದೆ, ಬಲಿತದ್ದರ ಮೇಲೆ ಗೆರೆಗಳು ಎದ್ದು ಬಲೆಯ ಹಾಗೆ ಕಾಣುತ್ತವೆ. ಹೆಬ್ಬೆರಳು ತೋರುಬೆರಳಿನ ನಡುವೆ ಅದುಮಿದರೆ ಜೊಳ್ಳು ಸುಲಭವಾಗಿ ಕುಸಿಯುತ್ತದೆ. ಕಿವಿಯ ಹತ್ತಿರ ಅಲ್ಲಾಡಿಸಿದಾಗ ಗಲಗಲ ಅಂದರೆ ಒಣಗಿದ ಕಾಯಿ, ಸದ್ದಿಲ್ಲದಿದ್ದರೆ ಹಸಿ. ನೀರು ಚಿಮುಕಿಸಿ ಹಸಿಯ ಹಾಗೆ ತೋರಿಸಿದ್ದೂ ಇರುತ್ತದೆ. ಅದರ ಸಿಪ್ಪೆ ಒದ್ದೆ, ಒಳಗೆ ಬೀಜ ಸುಕ್ಕು. ರಾಶಿಯ ಮೇಲಿನದು ಬಿಟ್ಟು ಬುಡದಿಂದ ಒಂದು ಹಿಡಿ ಎತ್ತಿಸಿ ಮೂಸಿ. ಮಣ್ಣಿನ ವಾಸನೆ ಬರಬೇಕು. ಮುಗ್ಗಲು ನಾತ ಬಂದರೆ ಮುಂದಿನ ಅಂಗಡಿಗೆ ನಡೆಯಿರಿ.

ಅಳತೆಯ ಮಾತು. ಪರಿಷೆಯಲ್ಲಿ ಇಂದಿಗೂ ಸೇರು, ಪಾವು ಉಳಿದುಕೊಂಡಿವೆ. ಲೀಟರ್ ಹಿಡಿಸುವ ಸೇರಿಗೆ ಒಣಕಾಯಿ ಸುಮಾರು ಕಾಲು ಕೆಜಿಯಿಂದ 300 ಗ್ರಾಂ ಬರುತ್ತದೆ. ಹಾಗಾಗಿ ಸೇರಿನ ಬೆಲೆಯನ್ನು ಮೂರೂವರೆಯಿಂದ ಗುಣಿಸಿದರೆ ಕೆಜಿಯ ಬೆಲೆ ಹೆಚ್ಚುಕಮ್ಮಿ ಸಿಗುತ್ತದೆ. ಹಸಿಕಾಯಲ್ಲಿ ನೀರೇ ಬೇಕಾದಷ್ಟಿರುವುದರಿಂದ ಅದನ್ನು ತೂಕಕ್ಕಿಂತ ಸೇರಿನಲ್ಲಿ ಕೊಳ್ಳುವುದು ಲಾಭ, ಒಣಕಾಯಿಯನ್ನು ತೂಕದಲ್ಲಿ. ಸೇರಿನ ತಳ ಒಳಕ್ಕೆ ತಗ್ಗಿದೆಯೇ ಎಂದು ಒಮ್ಮೆ ಕಣ್ಣು ಹಾಯಿಸಿದರೆ ತಪ್ಪಿಲ್ಲ. ಆದರೆ ಹೊಲದವರೇ ಕೂತ ಅಂಗಡಿಯಲ್ಲಿ ಚೌಕಾಸಿ ಮಾಡಬೇಡಿ. ಎರಡು ಮೂರು ರಾತ್ರಿ ರಸ್ತೆ ಬದಿಯಲ್ಲಿ, ಕಾರ್ತಿಕದ ಚಳಿಯಲ್ಲಿ, ಟಾರ್ಪಾಲಿನಡಿ ರಾಶಿ ಕಾಯ್ದುಕೊಂಡು ಮಲಗಿದವರು ಅವರು.

ಮತ್ತೆ ಕೊಸರು. ಸೇರನ್ನು ರಾಶಿಗೆ ಅದ್ದಿ, ಎಡಗೈಯನ್ನು ಅಂಚಿಗೆ ಕಟ್ಟೆಯ ಹಾಗೆ ಒಡ್ಡಿ, ಗೋಪುರ ಎದ್ದ ಮೇಲೆ ಚೀಲಕ್ಕೆ ಬಗ್ಗಿಸುತ್ತಾರೆ. ಅಲ್ಲಿಗೆ ವ್ಯಾಪಾರ ಮುಗಿಯಿತು, ದುಡ್ಡಿಗೆ ತಕ್ಕ ಮಾಲು ಬಂತು. ಆಮೇಲೆ ಆ ಅಮ್ಮ ಬರಿಗೈಯಲ್ಲಿ ಇನ್ನೊಂದು ಹಿಡಿ ಎತ್ತಿ, "ತಗೊಳಿ, ಕೊಸರು" ಎಂದು ಮೇಲೆ ಹಾಕುತ್ತಾಳೆ. ಅದಕ್ಕೆ ಲೆಕ್ಕವಿಲ್ಲ. ಬೆರಳ ಸಂದಿಯಿಂದ ಉದುರಿದ್ದು ಉದುರುತ್ತದೆ, ಉಳಿದದ್ದು ನಮ್ಮದು. ಬಸವಣ್ಣನ ಪಾಲಿಗೆ ಸಲ್ಲಬೇಕಾದ್ದು ಅಳೆದ ಮೊದಲ ಬೊಗಸೆ. ಕೊಸರನ್ನು ದೇವರಿಗೆ ದಾಟಿಸಿ ಅಳತೆಯದನ್ನು ಮನೆಗೆ ಒಯ್ಯುವ ಜಾಣತನ ಬೇಡ. ಕೊಸರು ರೈತ ನಮಗೆ ಕೊಟ್ಟದ್ದು, ಮೀಸಲು ರೈತನ ಪರವಾಗಿ ನಾವು ಕೊಡುವುದು. ನಗರದಲ್ಲಿ ಕುಳಿತ ನಮಗೆ ಫಸಲೆಲ್ಲಿ? ಕೊಡುವುದಾದರೆ ಅವರ ಬೆವರಿನ ಫಸಲನ್ನೇ ಕೊಡಬೇಕು. ಅದನ್ನು ಹೊತ್ತು ಮೆಟ್ಟಿಲು ಹತ್ತುವಷ್ಟು ಮಾತ್ರ ನಮ್ಮ ಪಾಲಿನ ಸೇವೆ.

ಮೊದಲು ಕೆಳಗಿನ ದೊಡ್ಡ ಗಣಪತಿ, ಆಮೇಲೆ ಬಸವಣ್ಣ. ಸಾಲು ಉದ್ದವಿದೆಯೆಂದು ಗಣಪನನ್ನು ದಾಟಿ ಹೋಗುವುದು ಸರಿಯಲ್ಲ. ಸಾಲು ಕಂಡಷ್ಟು ನಿಧಾನವೂ ಇರುವುದಿಲ್ಲ. ಬಸವಣ್ಣನ ಎದುರು ನಿಂತವರು ಸಾಮಾನ್ಯವಾಗಿ ಮುಖ ನೋಡಿ, ಕೈ ಮುಗಿದು, ಮಂಗಳಾರತಿ ತಗೊಂಡು ಸರಿದುಬಿಡುತ್ತಾರೆ. ಸುತ್ತು ಬನ್ನಿ. ಒಂದೇ ಕಲ್ಲಿನ ಈ ಮೈ ಸುಮಾರು 15 ಅಡಿ ಎತ್ತರ, 20 ಅಡಿ ಉದ್ದ. ಮುಂದಿನಿಂದ ಅದರ ಅಂದಾಜೇ ಸಿಗುವುದಿಲ್ಲ. ಬೂದು ಬಣ್ಣದ ಕಲ್ಲು ಎಣ್ಣೆ ಕುಡಿದು ಕುಡಿದು ಕಪ್ಪಾಗಿದೆ. ಪ್ರದಕ್ಷಿಣೆಯಲ್ಲಿ ಪಕ್ಕೆಯ ಹತ್ತಿರ ಬಂದಾಗ ಆ ಎಣ್ಣೆಯ ವಾಸನೆ, ಹಸಿಕಾಯಿಯ ಮಣ್ಣಿನ ವಾಸನೆ, ಹೊರಗಿನಿಂದ ತೂರಿಬರುವ ಹುರಿದ ಕಾಯಿಯ ಹೊಗೆ, ಮೂರೂ ಒಟ್ಟಿಗೆ ಮೂಗಿಗೆ ಬಡಿಯುತ್ತವೆ. ಪರಿಷೆಯ ದಿನಗಳನ್ನು ಬಿಟ್ಟು ವರ್ಷದ ಬೇರಾವ ದಿನವೂ ಈ ಮೂರು ಒಂದೆಡೆ ಸೇರುವುದಿಲ್ಲ. ಹೊಗೆ, ಮಣ್ಣು, ಎಣ್ಣೆ: ಕಡಲೆಕಾಯಿಯ ಇಡೀ ಜೀವನ ಆ ಒಂದು ಉಸಿರಿನಲ್ಲಿದೆ. ಅಲ್ಲಿ ನಾಲ್ಕು ಕ್ಷಣ ನಿಂತವರಿಗೆ ಬೇರೆ ಉಪದೇಶ ಬೇಡ. ಬಹಳಷ್ಟು ಶಿವಾಲಯಗಳಲ್ಲಿ ನಂದಿಯ ಕೊಂಬಿನ ನಡುವಿನಿಂದ ಶಿವನನ್ನು ನೋಡುವ ರೂಢಿ. ಇಲ್ಲಿ ಕೊಂಬು ಕೈಗೆಟುಕುವುದಿಲ್ಲ, ನೋಡಬೇಕಾದವನೂ ಬಸವಣ್ಣನೇ. ಕಾಯಿಯನ್ನು ದೂರದಿಂದ ಎಸೆಯಬೇಡಿ. ಅರ್ಚಕರ ಕೈಗೋ ಎದುರಿಟ್ಟ ಬುಟ್ಟಿಗೋ ಕೊಟ್ಟರೆ ಸಾಕು. ಎಸೆದದ್ದು ಕಾಲಡಿ ಬಿದ್ದು, ಹಿಂದೆ ಬಂದವರು ತುಳಿದು ಜಾರುತ್ತಾರೆ.

ಹೊರಗೆ ಕೋಲೆ ಬಸವ ಸಿಕ್ಕರೆ ಅದಕ್ಕೂ ಒಂದು ಹಿಡಿ ಹಸಿಕಾಯಿ ಸಲ್ಲಲಿ. ಒಂದೇ ಹಿಡಿ. ಬಂದವರೆಲ್ಲ ಸೇರುಗಟ್ಟಲೆ ತಿನ್ನಿಸಿದರೆ ಹೊಟ್ಟೆ ಉಬ್ಬರಿಸಿ ಮೂಕಪ್ರಾಣಿ ನರಳುತ್ತದೆ. ಉಪ್ಪಲ್ಲಿ ಬೆಂದದ್ದಂತೂ ಬೇಡವೇ ಬೇಡ. ಬಸವಣ್ಣನ ಪಾದದ ಬಳಿ ಹುಟ್ಟಿದಳೆಂದು ನಂಬುವ ವೃಷಭಾವತಿಯ ಗತಿ ನೋಡಿ: ಊರಿನ ಕೊಳಚೆಯನ್ನೆಲ್ಲ ಹೊತ್ತು ಅರ್ಕಾವತಿ ಸೇರಿ, ಅಲ್ಲಿಂದ ಕಾವೇರಿಗೆ ಹೋಗುತ್ತಾಳೆ. ಗುಡಿಯಲ್ಲಿ ತೀರ್ಥಕ್ಕೆ ಕೈಯೊಡ್ಡಿ ಹೊರಗೆ ಬಂದು ಮೋರಿಗೆ ಪ್ಲಾಸ್ಟಿಕ್ ಕವರ್ ಎಸೆಯುವವರಿಗೆ ಇದನ್ನು ಯಾರು ಹೇಳಬೇಕು?

ಮನೆಗೆ ತಂದ ಹಸಿಕಾಯಿಯನ್ನು ಅವತ್ತೇ ಚೀಲದಿಂದ ತೆಗೆದು ಹರಡಿ. ಕಟ್ಟಿಟ್ಟರೆ ಬೆವರಿ, ಎರಡೇ ದಿನಕ್ಕೆ ಹಸಿರು ಬೂಷ್ಟು ಹಿಡಿಯುತ್ತದೆ. ಆ ಬೂಷ್ಟಿನಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು. ಬೇಯಿಸಿದರೂ ಹುರಿದರೂ ಅದು ಪೂರ್ತಿ ಹೋಗುವುದಿಲ್ಲ. ಪ್ರಸಾದವಲ್ಲವೇ ಎಂದು ತಿನ್ನಬೇಡಿ, ಮಣ್ಣಿಗೆ ಹಾಕಿ. ಬೇಯಿಸುವುದಾದರೆ ಮೂರು ನೀರಲ್ಲಿ ಮಣ್ಣು ತೊಳೆದು, ಕೆಜಿಗೆ ಎರಡು ದೊಡ್ಡ ಚಮಚ ಉಪ್ಪು, ಕಾಯಿ ಮುಳುಗುವಷ್ಟು ನೀರು, ಕುಕ್ಕರಿನಲ್ಲಿ ಮೂರು ನಾಲ್ಕು ಕೂಗು. ತೇಲುತ್ತವೆ, ಮೇಲೊಂದು ತಟ್ಟೆ ಇಡಿ. ಉಪ್ಪು ಹಿಡಿಯಲಿಲ್ಲ ಎಂದು ದೂರುವವರು ಬೆಂದ ಕೂಡಲೇ ನೀರು ಬಸಿದುಬಿಟ್ಟಿರುತ್ತಾರೆ. ಅದೇ ನೀರಲ್ಲಿ ಅರ್ಧ ಗಂಟೆ ಬಿಟ್ಟರೆ ಆರುವಾಗ ಕಾಯಿ ಉಪ್ಪು ನೀರನ್ನು ಒಳಕ್ಕೆಳೆದುಕೊಳ್ಳುತ್ತದೆ. ಹುರಿಯಲು ಒಣಕಾಯಿ, ಕಬ್ಬಿಣದ ಬಾಂಡಲಿ, ಜರಡಿ ಹಿಡಿದ ಮರಳು, ಸಣ್ಣ ಉರಿ. ಬೀಜ ಉಜ್ಜಿದಾಗ ಕೆಂಪು ಸಿಪ್ಪೆ ಬಿಡಲು ಶುರುವಾದಾಗಲೇ ಇಳಿಸಿ, ಉಳಿದದ್ದನ್ನು ಮರಳಿನ ಕಾವು ನೋಡಿಕೊಳ್ಳುತ್ತದೆ. ಪೂರ್ತಿ ಆಗಲಿ ಎಂದು ಕಾದರೆ ಕರಕಲು.

ಪ್ರಸಾದವಾಗಿ ಮರಳಿ ಬಂದ ಹಸಿಕಾಯಲ್ಲಿ ಹತ್ತನ್ನು ಸಿಪ್ಪೆ ಸುಲಿಯದೆ ನಾಲ್ಕು ಬಿಸಿಲು ಒಣಗಿಸಿ, ಗಲಗಲ ಅನ್ನುವಾಗ ಬಟ್ಟೆಯಲ್ಲಿ ಕಟ್ಟಿಡಿ. ಡಿಸೆಂಬರ್, ಜನವರಿಯ ಚಳಿಗೆ ಮೊಳಕೆ ನಿಧಾನ, ಫೆಬ್ರವರಿ ಕೊನೆಗೆ ಬಿತ್ತಿ. ಬಿತ್ತುವ ದಿನವೇ ಸುಲಿಯಬೇಕು, ಬೀಜದ ಕೆಂಪು ಸಿಪ್ಪೆ ಹರಿದರೆ ಮೊಳೆಯುವ ಮೊದಲೇ ಕೊಳೆಯುತ್ತದೆ. ಒಂದಡಿ ಅಗಲದ ಕುಂಡ, ಮರಳು ಬೆರೆತ ಸಡಿಲ ಮಣ್ಣು, ಎರಡಿಂಚು ಆಳ. ತಿಂಗಳ ಸುಮಾರಿಗೆ ಹಳದಿ ಹೂ ಬಿಡುತ್ತದೆ. ಹೂ ಬಾಡಿದ ಜಾಗದಿಂದ ಸಣ್ಣ ಎಳೆಯೊಂದು ಕೆಳಮುಖವಾಗಿ ಇಳಿದು ಮಣ್ಣು ಹೊಕ್ಕು ಕಾಯಾಗುತ್ತದೆ. ಮಣ್ಣು ಗಟ್ಟಿಯಿದ್ದರೆ ಹೊಗಲಾರದೆ ಗಾಳಿಯಲ್ಲೇ ಒಣಗುತ್ತದೆ. ಹೂ ಬಿಡುವಾಗ ಒಂದು ಚಮಚ ಜಿಪ್ಸಮ್ ಬುಡಕ್ಕೆ ಬೆರೆಸಿ, ಸುಣ್ಣದ ಅಂಶ ಸಾಲದಿದ್ದರೆ ಬರುವುದೆಲ್ಲ ಜೊಳ್ಳು. 110ರಿಂದ 120 ದಿನಕ್ಕೆ ಎಲೆ ಹಳದಿಗೆ ತಿರುಗುತ್ತದೆ, ಆಗ ಗಿಡ ಕೀಳಬಹುದು. ಒಂದು ಕುಂಡಕ್ಕೆ ಹತ್ತಿಪ್ಪತ್ತು ಕಾಯಿ ಸಿಕ್ಕರೆ ಹೆಚ್ಚು. ಅದು ಜೂನ್ ತಿಂಗಳಾಗಿರುತ್ತದೆ, ಪರಿಷೆ ಇನ್ನೂ ದೂರ, ಬುಲ್ ಟೆಂಪಲ್ ರಸ್ತೆಯಲ್ಲಿ ಜನವೂ ಇರುವುದಿಲ್ಲ. ಕಾರ್ತಿಕಕ್ಕೆ ಕಾಯುವ ಅಗತ್ಯವಿಲ್ಲ, ಯಾವ ಸೋಮವಾರವಾದರೂ ಒಯ್ದು ಕೊಡಿ.