ಸ್ಟ್ರಾಂಗ್ ಬಿಯರ್‌ಗೆ ಸೆಕೆಂಡರಿ ಬೇಕಾ?

ನಾನು ಬ್ರೂವರಿಯಲ್ಲಿ ಬಿಯರ್ ಹುದುಗುವ ಟ್ಯಾಂಕ್‌ಗಳನ್ನು ನೋಡಿಕೊಳ್ಳುತ್ತೇನೆ. ಮನೆಯಲ್ಲಿ ಬಿಯರ್ ಮಾಡುವವರು ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆ ಇದು: ಸ್ಟ್ರಾಂಗ್ ಬಿಯರ್ ಹುದುಗಿದ ಮೇಲೆ ಗಸಿ ಬಿಟ್ಟು ಇನ್ನೊಂದು ಪಾತ್ರೆಗೆ, ಅಂದರೆ ಸೆಕೆಂಡರಿಗೆ, ಬಗ್ಗಿಸಬೇಕಾ? ಹೆಚ್ಚಿನ ಸಲ ನಾನು ಬೇಡ ಅನ್ನುತ್ತೇನೆ.

ತಳದ ಯೀಸ್ಟ್ ಸತ್ತು ಒಡೆದರೆ ಬಿಯರ್‌ಗೆ ಸೋಯಾ ಸಾಸ್‌ನಂಥ ರುಚಿ ಬರುತ್ತದೆ ಅನ್ನುವ ಭಯ ಇದರ ಹಿಂದಿದೆ. ಭಯ ಸುಳ್ಳಲ್ಲ. ನಮ್ಮ ಟ್ಯಾಂಕ್‌ಗಳು ಎತ್ತರ, ತಳ ಚೂಪು. ಮೇಲಿನ ಬಿಯರ್‌ನ ಭಾರವೆಲ್ಲ ಯೀಸ್ಟ್ ಮೇಲೆ ಬೀಳುತ್ತದೆ. ದಪ್ಪಗೆ ಕೂತ ಯೀಸ್ಟ್ ಒಳಗೊಳಗೇ ಬಿಸಿಯೂ ಆಗುತ್ತದೆ. ಅದಕ್ಕೇ ನಾವು ಕೆಳಗಿನ ವಾಲ್ವ್‌ನಿಂದ ಅದನ್ನು ತೆಗೆದುಬಿಡುತ್ತೇವೆ. ಆದರೆ 20 ಲೀಟರ್ ಬಕೆಟ್‌ನಲ್ಲಿ ಅಷ್ಟು ಒತ್ತಡ ಎಲ್ಲಿದೆ? ಅಲ್ಲಿ ಯೀಸ್ಟ್ ತೆಳ್ಳಗೆ ಹರಡಿರುತ್ತದೆ. ಕೆಲವು ವಾರ ಸುಮ್ನೆ ಬಿಟ್ಟರೂ ತೊಂದರೆಯಿಲ್ಲ.

ಸ್ಟ್ರಾಂಗ್ ಬಿಯರ್‌ಗಂತೂ ಆ ಯೀಸ್ಟ್ ಬೇಕೇ ಬೇಕು. ಗ್ರ್ಯಾವಿಟಿ, ಅಂದರೆ ನೀರಿಗೆ ಹೋಲಿಸಿದ ಸಾಂದ್ರತೆ, ಸಕ್ಕರೆ ಹುದುಗಿದಂತೆ ಇಳಿಯುತ್ತದೆ. ಅದು 1.090ರಿಂದ 1.020ಕ್ಕೆ ಇಳಿದರೆ ಸುಮಾರು ಶೇ 9 ಆಲ್ಕೋಹಾಲ್ ಆಗುತ್ತದೆ. ಕೊನೆಯ ಹತ್ತು ಪಾಯಿಂಟ್, ಅಂದರೆ 1.030ರಿಂದ 1.020ಕ್ಕೆ, ಇಳಿಯುವುದೇ ಕಷ್ಟ. ಆಲ್ಕೋಹಾಲ್ ಏರಿರುತ್ತದೆ, ಯೀಸ್ಟ್ ದಣಿದಿರುತ್ತದೆ. ಆಗಲೇ ಬಗ್ಗಿಸಿದರೆ ಹುದುಗುವುದು ಅರ್ಧಕ್ಕೇ ನಿಲ್ಲಬಹುದು. ಬೆಣ್ಣೆಯ ವಾಸನೆ ಕೊಡುವ ಡಯಾಸಿಟೈಲ್ ಅನ್ನು ಕೊನೆಗೆ ಹೀರಿಕೊಳ್ಳುವುದೂ ಇದೇ ಯೀಸ್ಟ್ ಅಲ್ವಾ?

ನನಗೆ ಅದಕ್ಕಿಂತ ದೊಡ್ಡ ಚಿಂತೆ ಆಕ್ಸಿಜನ್. ಯೀಸ್ಟ್ ಹಾಕುವ ಹೊತ್ತಿಗೆ ವರ್ಟ್‌ಗೆ, ಅಂದರೆ ಇನ್ನೂ ಹುದುಗದ ಸಿಹಿ ಮಾಲ್ಟ್ ರಸಕ್ಕೆ, ಆಕ್ಸಿಜನ್ ಚೆನ್ನಾಗಿ ಬೇಕು, ಸ್ಟ್ರಾಂಗ್ ಬಿಯರ್‌ಗೆ ಇನ್ನೂ ಜಾಸ್ತಿ. ಹುದುಗಿದ ಮೇಲೆ ಅದೇ ಶತ್ರು. ದಿನ ಕಳೆದಂತೆ ಬಿಯರ್ ಒದ್ದೆ ರಟ್ಟಿನ ರುಚಿಗೆ ತಿರುಗುತ್ತದೆ. ನಾವು ಖಾಲಿ ಟ್ಯಾಂಕ್‌ನ ಗಾಳಿಯನ್ನು ಕಾರ್ಬನ್ ಡೈಆಕ್ಸೈಡ್‌ನಿಂದ ಹೊರದೂಡಿ ಆಮೇಲೆ ಬಿಯರ್ ಬಿಡುತ್ತೇವೆ. ಬಿಯರ್‌ನಲ್ಲಿ ಕರಗಿದ ಆಕ್ಸಿಜನ್ನನ್ನು ನೂರು ಕೋಟಿಯಲ್ಲಿ ಎಷ್ಟು ಭಾಗ ಎಂದು ಅಳೆಯುತ್ತೇವೆ. ಬರೀ ಪೈಪ್ ಹಿಡಿದು ಬಕೆಟ್‌ನಿಂದ ಬಕೆಟ್‌ಗೆ ಬಗ್ಗಿಸುವಾಗ ಇಷ್ಟು ಕಾಪಾಡುವುದು ಕಷ್ಟ. ಬಿಯರ್ ತಿಳಿಯಾಗಲಿ ಅಂತಷ್ಟೇ ಈ ಅಪಾಯ ಬೇಡ. ತಣ್ಣಗಿಟ್ಟರೆ ಅದೇ ಪಾತ್ರೆಯಲ್ಲೂ ತಿಳಿಯಾಗುತ್ತದೆ.

ಹಣ್ಣು ಅಥವಾ ಓಕ್ ಚೂರು ಹಾಕುವುದಿದ್ದರೆ, ಇಲ್ಲವೇ ತಿಂಗಳುಗಟ್ಟಲೆ ಮಾಗಿಸುವುದಿದ್ದರೆ ಸೆಕೆಂಡರಿಗೆ ಅರ್ಥವಿದೆ. ಮಾಗಿಸಲು ಪ್ಲಾಸ್ಟಿಕ್ ಬಕೆಟ್ ಬೇಡ, ಅದು ನಿಧಾನವಾಗಿ ಗಾಳಿ ಒಳಬಿಡುತ್ತದೆ. ಗಾಜಿನ ಪಾತ್ರೆ ತೆಗೆದುಕೊಳ್ಳಿ, ಕುತ್ತಿಗೆಯವರೆಗೆ ತುಂಬಿ. ಪೈಪ್‌ನ ತುದಿ ತಳ ಮುಟ್ಟಿರಲಿ, ಬಿಯರ್ ಚಿಮ್ಮಬಾರದು. ಗ್ಯಾಸ್ ಹೊರಬಿಟ್ಟು ಗಾಳಿ ತಡೆಯುವ ಮುಚ್ಚಳ, ಅಂದರೆ ಏರ್‌ಲಾಕ್‌ನ ನೀರು ಆರದಂತೆ ನೋಡಿಕೊಳ್ಳಿ.

ಯಾವ ದಾರಿ ಹಿಡಿದರೂ ಗ್ರ್ಯಾವಿಟಿ ಅಳೆಯುವ ಹೈಡ್ರೋಮೀಟರ್ ನೋಡದೆ ಬಾಟಲಿಗೆ ಹಾಕಬೇಡಿ. ಮೂರು ದಿನ ಗ್ರ್ಯಾವಿಟಿ ಅಲ್ಲಾಡಬಾರದು, ಅದೂ ನೀವು ಅಂದಾಜಿಸಿದ ಮಟ್ಟಕ್ಕೆ ಇಳಿದ ಮೇಲೆ. ಅರ್ಧಕ್ಕೆ ನಿಂತ ಬಿಯರ್ ಬಾಟಲಿಯೊಳಗೆ ಮತ್ತೆ ಹುದುಗಿದರೆ ಗಾಜು ಸಿಡಿಯುತ್ತದೆ. ತಿಂಗಳುಗಟ್ಟಲೆ ಮಾಗಿದ ಬಿಯರ್‌ನಲ್ಲಿ ಇದಕ್ಕೆ ಉಲ್ಟಾ: ಗ್ಯಾಸ್ ತುಂಬಿಸುವಷ್ಟು ಶಕ್ತಿ ಹಳೇ ಯೀಸ್ಟ್‌ಗೆ ಉಳಿದಿರುವುದಿಲ್ಲ. ಬಾಟಲಿ ತುಂಬುವ ದಿನ, ಗ್ಯಾಸ್‌ಗಾಗಿ ಹಾಕುವ ಸಕ್ಕರೆಯ ಜೊತೆ ಒಂದಿಷ್ಟು ಹೊಸ ಯೀಸ್ಟ್ ಸೇರಿಸಿ.